ಮಕ್ಕಳು ನಡೆಯಲಿ, ವೇದಿಕೆ ನಿಂತು ನೋಡಲಿ

ಹಾಸನವಿರಲಿ, ಚಿಕ್ಕಮಗಳೂರಿರಲಿ, ಆಗಸ್ಟ್ 15ರಂದು ಜಿಲ್ಲಾ ಮೈದಾನದ ಕ್ರಮ ಒಂದೇ: ಉಸ್ತುವಾರಿ ಸಚಿವರಿಂದ ಧ್ವಜಾರೋಹಣ, ತೆರೆದ ಜೀಪಿನಲ್ಲಿ ತುಕಡಿಗಳ ಪರಿವೀಕ್ಷಣೆ, ಪಥಸಂಚಲನ, ಭಾಷಣ. ಪೊಲೀಸರು, ಗೃಹರಕ್ಷಕರು, ಎನ್‌ಸಿಸಿಯವರ ಹಿಂದೆ ಶಾಲಾ ಮಕ್ಕಳೂ ಹೆಜ್ಜೆ ಹಾಕಿ, ವೇದಿಕೆಯ ಎದುರು ಕತ್ತು ತಿರುಗಿಸಿ ವಂದನೆ ಒಪ್ಪಿಸುತ್ತಾರೆ. ಆಮೇಲೆ ಭಾಷಣ ಮುಗಿಯುವ ತನಕ ಸಾಲಿನಲ್ಲೇ ನಿಲ್ಲಬೇಕು; ತಿಂಡಿ ತಿನ್ನದೆ ಬಂದ ಮಗು ತಲೆಸುತ್ತಿ ಬೀಳುವುದು ಆಗಲೇ. ವಂದನೆ ಕೊಡುವವರು ಪ್ರಜೆಗಳು, ಪಡೆಯುವವರು ಸರ್ಕಾರ ಎಂಬ ಪಾಠ ಪುಸ್ತಕಕ್ಕಿಂತ ಮೊದಲೇ ಮೈಗೆ ಹತ್ತುತ್ತದೆ.

ನಾನಿರುವ ನಾರ್ವೆಯಲ್ಲಿ ಇದು ತಿರುವುಮುರುವು. ಅಲ್ಲಿನ ರಾಷ್ಟ್ರೀಯ ದಿನ ಮೇ 17, ಅಂದರೆ 1814ರಲ್ಲಿ ಸಂವಿಧಾನ ಒಪ್ಪಿದ ದಿನ. ಓಸ್ಲೋದಲ್ಲಿ ನೂರಕ್ಕೂ ಹೆಚ್ಚು ಶಾಲೆಗಳ ಮಕ್ಕಳು ತಂತಮ್ಮ ಶಾಲೆಯ ಪತಾಕೆಯ ಹಿಂದೆ, ಬ್ಯಾಂಡಿನ ಜತೆ, ಕೈಬಾವುಟ ಬೀಸುತ್ತ ಅರಮನೆಯ ಮುಂದೆ ಸಾಗುತ್ತಾರೆ. ರಾಜಮನೆತನದವರು ಬಾಲ್ಕನಿಯಲ್ಲಿ ಗಂಟೆಗಟ್ಟಲೆ ನಿಂತು ಅವರಿಗೆ ಕೈಬೀಸುತ್ತಾರೆ. ಹೆಜ್ಜೆ ಕೂಡಲೇಬೇಕೆಂಬ ಹಟವಿಲ್ಲ. ವಲಸೆ ಬಂದವರ ಮಕ್ಕಳಿಗೂ ಅದೇ ಸಾಲು, ಅದೇ ಪತಾಕೆ. 1870ರ ಮೊದಲ ಮಕ್ಕಳ ಮೆರವಣಿಗೆಯಲ್ಲಿ ಗಂಡುಮಕ್ಕಳಷ್ಟೇ ನಡೆದರು. 1889ರಲ್ಲಿ ಹುಡುಗಿಯರು ಸೇರಿದರು. ಹೆಂಗಸರೆಲ್ಲರಿಗೂ ಮತದ ಹಕ್ಕು ಸಿಕ್ಕಿದ್ದು 1913ರಲ್ಲಿ. ಬೀದಿಯಲ್ಲಿ ಜಾಗ ಮೊದಲು, ಮತಗಟ್ಟೆಯಲ್ಲಿ ಆಮೇಲೆ. ಜರ್ಮನ್ನರು ದೇಶ ಹಿಡಿದಿದ್ದಾಗ ಈ ಹಬ್ಬವನ್ನೇ ನಿಷೇಧಿಸಿದ್ದರು.

ಹಾಗೆಂದು ಇದನ್ನು ಅಲ್ಲಿಂದ ಆಮದು ಮಾಡಬೇಕಿಲ್ಲ. ನಮ್ಮ ಬಾವುಟವೂ ನಿಷೇಧ ದಾಟಿ ಬಂದದ್ದೇ. ಈ ಎರಡೂ ಜಿಲ್ಲೆಗಳಿದ್ದ ಮೈಸೂರು ಸಂಸ್ಥಾನದಲ್ಲಿ, 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು. ಬೀದಿಬೀದಿ ಸುತ್ತುವ ಪ್ರಭಾತಫೇರಿಯೂ ಆ ಹೋರಾಟದ್ದೇ ಬಳುವಳಿ. ಹಳ್ಳಿಯ ಶಾಲೆಗಳಲ್ಲಿ ಅದು ಉಳಿದಿದೆ. ಜಿಲ್ಲಾ ಕೇಂದ್ರದಲ್ಲಿ ಅದೇ ಮುಖ್ಯ ಕಾರ್ಯಕ್ರಮವಾಗಲಿ, ಸಚಿವರು ರಸ್ತೆಬದಿಯಲ್ಲಿ ನಿಂತು ಮಕ್ಕಳಿಗೆ ಕೈಬೀಸಲಿ ಎಂಬುದೇ ನನ್ನ ಬೇಡಿಕೆ. ದಾರಿ ಒಂದೂವರೆ ಕಿಲೋಮೀಟರ್ ಮೀರಬಾರದು, ನಡುವೆ ಎರಡು ಕಡೆ ಕುಡಿಯುವ ನೀರು ಇರಬೇಕು, ಭಾಷಣ ಹತ್ತು ನಿಮಿಷಕ್ಕೆ ಮುಗಿಯಬೇಕು.

ಬಾವುಟ ಕಟ್ಟುವುದನ್ನೂ ಮಕ್ಕಳ ಕೈಗೇ ಕೊಡಬೇಕು. ಹಿಂದಿನ ದಿನವೇ ಖಾಲಿ ಹಗ್ಗ ಎಳೆದು, ರಾಟೆ ಸಲೀಸಾಗಿ ತಿರುಗುತ್ತದೆಯೇ ನೋಡಲಿ. ಕೇಸರಿ ಮೇಲೆ ಬರುವಂತೆ ಹಗ್ಗಕ್ಕೆ ಸಿಕ್ಕಿಸಿ, ಮಡಿಸಿ, ಒಂದೇ ಸುತ್ತಿನ ಜಾರುಗಂಟು ಹಾಕಲಿ. ಬಿಚ್ಚಿಕೊಂಡೀತೆಂಬ ಭಯಕ್ಕೆ ಎರಡು ಸುತ್ತು ಬಿಗಿದರೆ ಗಣ್ಯರು ಎಷ್ಟು ಜಗ್ಗಿದರೂ ಗಂಟು ಬಿಡುವುದಿಲ್ಲ. ಒಳಗಿಡುವ ಹೂವಿನ ಎಸಳು ಒಂದು ಹಿಡಿ ಸಾಕು, ಅದೂ ಒಣಗಿರಬೇಕು; ಒದ್ದೆ ಎಸಳು ಮುದ್ದೆಯಾಗಿ ಬಟ್ಟೆಗೇ ಅಂಟುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಆಗಸ್ಟ್ ಎಂದರೆ ಮಳೆ. ನೆನೆದ ಖಾದಿ ಭಾರವಾಗಿ ಕಂಬಕ್ಕೆ ಸುತ್ತಿಕೊಳ್ಳುತ್ತದೆ. 2021ರ ಡಿಸೆಂಬರ್‌ನಿಂದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿಯಿದೆ. ಆದರೂ ನಾನು ಖಾದಿಯನ್ನೇ ಆರಿಸುತ್ತೇನೆ. ಸಂಜೆ ನಿಧಾನಕ್ಕೆ ಇಳಿಸಿ, ನೆರಳಿನಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆಯೇ ಮಡಿಸಿಡಬೇಕು. ಹಸಿಯಾಗಿಯೇ ಬೀರುವಿಗೆ ಸೇರಿದ ಬಾವುಟಕ್ಕೆ ನವೆಂಬರ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.