ಪಾಲೆ ಕಷಾಯವೂ 14 ದಿನದ ಮಾತ್ರೆಯೂ

ತುಳುನಾಡಿನವರು ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ ಕಳೆದು ಮೂರು ದಿನ ಆಯಿತು. ಬಾಯಿಯ ಕಹಿ ಇನ್ನೂ ಹೋಗಿಲ್ಲ. ಕಷಾಯದ್ದಲ್ಲ, ನಿನ್ನೆಯ ಜಗಳದ್ದು.

ಪಕ್ಕದ ಮನೆ ಹುಡುಗನಿಗೆ ವೈವಾಕ್ಸ್ ಮಲೇರಿಯಾ. ಮಂಗಳೂರಿನ ಮಳೆಗಾಲಕ್ಕೆ ಇದೇನು ಹೊಸತಲ್ಲ. ಮೂರು ದಿನ ಕ್ಲೋರೋಕ್ವಿನ್ ತಿಂದ, ಜ್ವರ ಬಿಟ್ಟಿತು. 14 ದಿನ ನುಂಗಬೇಕಾದ ಪ್ರೈಮಾಕ್ವಿನ್ ಮಾತ್ರ ನಾಲ್ಕನೇ ದಿನಕ್ಕೇ ಕಪಾಟು ಸೇರಿದೆ. ಯಾಕೆ ಅಂದರೆ ಅವನ ಅಪ್ಪ ಮೊಬೈಲ್ ಮುಂದೆ ಹಿಡಿದರು. ಪಾಲೆ ಮರದ ತೊಗಟೆ ಮಲೇರಿಯಾವನ್ನು ಕೊಲ್ಲುತ್ತದೆ, ಲ್ಯಾಬಿನಲ್ಲಿ ಸಾಬೀತಾಗಿದೆಯಂತೆ!

ಎಲ್ಲಿ ಕೊಂದಿತು? ಗಾಜಿನ ತಟ್ಟೆಯಲ್ಲಿ. ಅಲ್ಲಿ ಫಿನಾಯಿಲ್ ಹಾಕಿದರೂ ಸಾಯುತ್ತದೆ ಸ್ವಾಮಿ. ಅದೂ ಆ ತಟ್ಟೆಯಲ್ಲಿ ಬೆಳೆಸುವುದು ಸಾಮಾನ್ಯವಾಗಿ ಫಾಲ್ಸಿಪಾರಂ ಅನ್ನುವ ಬೇರೆ ಜಾತಿಯ ಮಲೇರಿಯಾ ರೋಗಾಣುವನ್ನು. ವೈವಾಕ್ಸ್ ಲ್ಯಾಬಿನಲ್ಲಿ ಅಷ್ಟು ಸುಲಭಕ್ಕೆ ಬೆಳೆಯುವುದೇ ಇಲ್ಲ. ಅದು ಲಿವರ್‌ನಲ್ಲಿ ಅಡಗಿ ಕೂತು, ತಿಂಗಳುಗಳ ನಂತರ ಎದ್ದು ಬರುತ್ತದೆ. ಆ ಅಡಗಿದ್ದನ್ನು ಮುಗಿಸಲಿಕ್ಕೇ ಪ್ರೈಮಾಕ್ವಿನ್.

ಪಾಲೆಯನ್ನು ಯಾರೂ ರೋಗಿಗಳ ಮೇಲೆ ಪರೀಕ್ಷಿಸಲೇ ಇಲ್ಲ ಅಂತಲ್ಲ. ಅದೇ ತೊಗಟೆಗೆ ಕಟುಕಿ, ಕಿರಾತಕಡ್ಡಿ, ಗಜ್ಜುಗ ಸೇರಿಸಿ, ಮಲೇರಿಯಾಕ್ಕೆಂದೇ ಆಯುಷ್-64 ಅಂತ ಮಾತ್ರೆ ಮಾಡಿದರು. ವೈವಾಕ್ಸ್ ರೋಗಿಗಳಲ್ಲಿ ಕ್ಲೋರೋಕ್ವಿನ್ ಜೊತೆ ಹೋಲಿಸಿ ನೋಡಿದ ಫಲಿತಾಂಶ 2000ರಲ್ಲಿ ಪ್ರಕಟವಾಯಿತು. 28ನೇ ದಿನಕ್ಕೆ ಕ್ಲೋರೋಕ್ವಿನ್ ತಗೊಂಡವರೆಲ್ಲ ಗುಣ. ಆಯುಷ್-64 ತಗೊಂಡವರಲ್ಲಿ ಅರ್ಧದಷ್ಟೂ ಇಲ್ಲ. ಈ ಫಾರ್ವರ್ಡ್ ಯಾಕೋ ನನಗೆ ಒಮ್ಮೆಯೂ ಬರಲಿಲ್ಲ.

"ಚೀನಾದ ತು ಯುಯುಗೆ ಗಿಡದಿಂದಲೇ ಅಲ್ವಾ ನೊಬೆಲ್ ಬಂದದ್ದು?" ಅಂದರು ಹುಡುಗನ ಅಪ್ಪ. ಬಂತು, 2015ರಲ್ಲಿ, ಆರ್ಟೆಮಿಸಿನಿನ್ ಅನ್ನುವ ಮಲೇರಿಯಾ ಔಷಧ ಕಂಡುಹಿಡಿದದ್ದಕ್ಕೆ. ಆದರೆ ಆಕೆ ಹಳೆ ಪುಸ್ತಕ ಓದಿ ಸುಮ್ನೆ ಕಷಾಯ ಕಾಯಿಸಿ ಕುಡಿಸಲಿಲ್ಲ. ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕು ಅಂತ ಆ ಪುಸ್ತಕದಲ್ಲಿತ್ತು. ಹಾಗಾದರೆ ಬಿಸಿಗೆ ಔಷಧ ಕೆಡುತ್ತದೇನೋ ಅಂತ ಅನುಮಾನಪಟ್ಟು, ಕಡಿಮೆ ಬಿಸಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದಳು. 1971ರಲ್ಲಿ 191ನೇ ಸ್ಯಾಂಪಲ್ ಇಲಿಗಳಲ್ಲಿ ಪೂರ್ತಿ ಗೆದ್ದಿತು. ಮರುವರ್ಷ ತಾನೇ ಮೊದಲು ಕುಡಿದು ನೋಡಿದಳು, ರೋಗಿಗಳಿಗೆ ಕೊಟ್ಟದ್ದು ಆಮೇಲೆ. ನಮ್ಮವರಿಗೆ ನೊಬೆಲ್ ಮಾತ್ರ ನೆನಪಿರುತ್ತದೆ, ಆ 191 ಇರುವುದಿಲ್ಲ.

ನಾನು ಕಷಾಯದ ವಿರೋಧಿಯಲ್ಲ ಮಾರಾಯ್ರೆ. ಈ ಸಲವೂ ಬೆಳಕು ಹರಿಯುವ ಮೊದಲು ಅಣ್ಣ ಕಲ್ಲಿನಿಂದ ಕೆತ್ತಿ ತಂದ ತೊಗಟೆ. ಅಮ್ಮ ಕೆಂಪಗೆ ಕಾದ ಬೆಣಚುಕಲ್ಲನ್ನು ರಸಕ್ಕೆ ಬಿಟ್ಟಾಗ ಅದೇ 'ಚುಂಯ್'. ಕಣ್ಣು ಮುಚ್ಚಿ ಕುಡಿದು, ಮೇಲೆ ಮೆಂತೆ ಗಂಜಿ ಹೊಡೆದಿದ್ದೇನೆ. ಮುಂದಿನ ವರ್ಷವೂ ಕುಡಿಯುತ್ತೇನೆ. ಮಲೇರಿಯಾ ಬಂದರೆ ಮಾತ್ರೆ ನುಂಗುತ್ತೇನೆ.

ಇಷ್ಟೆಲ್ಲ ಕಿರುಚಿದವಳ ಕತೆಯನ್ನೂ ಕೇಳಿ. ವರ್ಷಗಟ್ಟಲೆ ಲ್ಯಾಬಿನಲ್ಲಿ ರಕ್ತದ ಸ್ಲೈಡ್ ನೋಡಿದ ನಾನೇ ಒಮ್ಮೆ ಆರನೇ ದಿನಕ್ಕೆ ಪ್ರೈಮಾಕ್ವಿನ್ ಬಿಟ್ಟಿದ್ದೆ. ಹೊಟ್ಟೆ ತೊಳಸುತ್ತಿತ್ತು, ಜ್ವರ ಬೇರೆ ಇರಲಿಲ್ಲ. ಎರಡೇ ತಿಂಗಳು. ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಸ್ಲೈಡಿಗೆ ಎಣ್ಣೆಯ ಹನಿ ಹಾಕಿ ನೋಡಿದರೆ, ಉಬ್ಬಿದ ಕೆಂಪು ಕಣದೊಳಗೆ ಮಲೇರಿಯಾ ರೋಗಾಣುವಿನ ಅದೇ ಉಂಗುರ. ನನ್ನದೇ ರಕ್ತ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ನಿನ್ನೆ ಸಿಟ್ಟಿನಲ್ಲಿ ಆ ಮನೆಯಲ್ಲಿ ಹೇಳಿಬಿಟ್ಟೆ.

ಇವತ್ತು ಬೆಳಿಗ್ಗೆ ಹುಡುಗನ ತಾಯಿ ಕಾಂಪೌಂಡ್ ಹತ್ತಿರ ಬಂದು, "ಬಿಟ್ಟ ಮಾತ್ರೆ ಈಗ ಶುರು ಮಾಡಿದರೆ ಆಗ್ತದಾ?" ಅಂತ ಮೆಲ್ಲಗೆ ಕೇಳಿದರು. ಇವತ್ತೇ ಡಾಕ್ಟರ ಹತ್ತಿರ ಕರಕೊಂಡು ಹೋಗಿ ಅಂದೆ. ಅವರ ಜಗಲಿಯಲ್ಲಿ ಕೂತಿದ್ದ ಹುಡುಗನ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.