ಚೀನಿಕಾಯಿ ಏಲಂ

ಭಾನುವಾರ ಹನ್ನೊಂದು ಗಂಟೆಗೆ ಗೇಟಿನ ಚಿಲಕ ಸದ್ದಾಯಿತೆಂದರೆ ನನಗೆ ಗೊತ್ತು. ಮಗಳ ಶಾಲೆಯ ಮೂರು ಹುಡುಗಿಯರು, ಒಂದು ಡಬ್ಬಿ, ಒಂದು ರಶೀದಿ ಪುಸ್ತಕ. "ಅಂಕಲ್, ವೀಲ್‌ಚೇರ್ ಫಂಡಿಗೆ."

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ 40 ದಿನ ತಪಸ್ಸುಕಾಲ, ಕೈಬಿಚ್ಚಿ ಕೊಡಬೇಕಾದ ಕಾಲ ಅಂತ ಸಿಸ್ಟರ್ ಹೇಳಿದ್ದಾರೆ. ಕ್ಯಾಲೆಂಡರಿನಲ್ಲಿ ಎಣಿಸಿದರೆ 46 ಬರುತ್ತದೆ. ಭಾನುವಾರಗಳು ಲೆಕ್ಕಕ್ಕಿಲ್ಲವಂತೆ. ನಮ್ಮನೆಗೆ ಇವರು ಬರುವುದು ಮಾತ್ರ ಭಾನುವಾರವೇ.

ಐವತ್ತು ಕೊಟ್ಟೆ. ದೊಡ್ಡ ಹುಡುಗಿ ರಶೀದಿ ಹರಿಯುತ್ತ, "ಆಚೆ ಮನೆಯವರು ನೂರು ಕೊಟ್ರು" ಎಂದಳು. ಸುಮ್ನೆ ಹೇಳಿದ್ದು, ಅಷ್ಟೇ.

ಆದರೂ ಡಬ್ಬಿಯೇ ವಾಸಿ. ಹೋದ ವರ್ಷ ಏಲಂ ಇತ್ತು. ಇಗರ್ಜಿಯ ಹಬ್ಬದಲ್ಲಿ ಕರೆಯುವ ಹಾಗೇ, ಆದರೆ ಕರೆಯುವವರೂ ಲೆಕ್ಕ ಇಡುವವರೂ ಒಂಬತ್ತನೇ ಕ್ಲಾಸಿನ ಹುಡುಗಿಯರು. ಮನೆಯಿಂದ ಏನಾದರೂ ತರಬೇಕು. ನಮ್ಮ ಬಚ್ಚಲಿನ ಹಿಂದೆ ಬೆಳೆದ 7 ಕಿಲೋದ ಚೀನಿಕಾಯಿಯನ್ನು, ಅದೇ ಸಿಹಿಗುಂಬಳವನ್ನು, ಮಗಳು ರಿಕ್ಷಾದಲ್ಲಿ ಕೊಂಡುಹೋದಳು. ರಿಕ್ಷಾಕ್ಕೆ 60 ರೂಪಾಯಿ.

ಬಾಳೆಗೊನೆ ಹೋಯಿತು. ಹುಂಜ ಹೋಯಿತು. ಹಲಸಿನ ಹಪ್ಪಳಕ್ಕೆ ಹೆಂಗಸರು ಜಗಳಕ್ಕೇ ನಿಂತರು. ಚೀನಿಕಾಯಿಯ ಸರದಿ ಬಂದಾಗ ಇಡೀ ಹಾಲ್ ಚಹಾ ಕುಡಿಯುತ್ತಿತ್ತು. ಮೈಕ್ ಹಿಡಿದಿದ್ದವಳು ನನ್ನ ಮಗಳೇ. "ಐವತ್ತು... ಯಾರಾದ್ರೂ ಐವತ್ತು?" ಯಾರೂ ಇಲ್ಲ. ಅವಳು ನನ್ನ ಕಡೆ ನೋಡಿದಳು. ಅಪ್ಪ ಆದವರಿಗೆ ಆ ನೋಟ ಗೊತ್ತಿರುತ್ತದೆ. "ಐವತ್ತು" ಎಂದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬರು, ಪಾಪ ನನಗೆ ಜೊತೆಯಾಗಲಿ ಅಂತ ಇರಬೇಕು, "ನೂರು" ಎಂದರು. ನಾನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನಾನೇ ನೀರು ಹಾಕಿ ಬೆಳೆಸಿದ ಕಾಯಿ, ಅಲ್ವಾ? ನೂರೈವತ್ತು ಎಂದೆ. ಅವರು ಇನ್ನೂರು. ಚಹಾ ಕುಡಿಯುವವರೆಲ್ಲ ತಿರುಗಿ ಕೂತರು. 600ಕ್ಕೆ ಅವರು, 650ಕ್ಕೆ ನಾನು. ಅವರು ನಕ್ಕು ಕೈಮುಗಿದರು. "ಒಂದು ಸಲ... ಎರಡು ಸಲ... ಮೂರು ಸಲ!" ಚಪ್ಪಾಳೆ. ನನ್ನ ಚೀನಿಕಾಯಿ ನನ್ನದಾಯಿತು. ವಾಪಸ್ ರಿಕ್ಷಾಕ್ಕೆ ಮತ್ತೆ 60.

ಎಂಟು ದಿನ ಸಾಂಬಾರು, ಪಲ್ಯ, ದೋಸೆ, ಗಟ್ಟಿ, ಪಾಯಸ. ಬೇಡವೆಂದರೆ ಹೆಂಡತಿ, "650 ರೂಪಾಯಿಯದ್ದು, ಬಿಡಬೇಡಿ" ಎನ್ನುತ್ತಿದ್ದಳು.

ಈ ಹುಡುಗಿಯರ ಮೇಲೆ ರೇಗಿ ಪ್ರಯೋಜನವಿಲ್ಲ. ವೀಲ್‌ಚೇರ್ ಯಾರಿಗೆ ಅಂತ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರಕಾರಿ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಒಂದೆರಡು ವರ್ಷವಲ್ಲ, 2000ದವರೆಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ. ಅದರಿಂದ ನರಳಿದವರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಕೇರಳ ಸರಕಾರಕ್ಕೆ ಹೇಳಿತು. 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು. ಆ ದೊಡ್ಡವರ ಗೇಟಿಗೆ ಡಬ್ಬಿ ಹಿಡಿದು ಹೋಗುವವರು ಯಾರು? ಭಾನುವಾರ ಮನೆಯಲ್ಲಿ ಸಿಗುವವನು ನಾನು.

ದಾನದ ಬಗ್ಗೆ ಏನೋ ಒಂದು ಒಳ್ಳೆಯ ಮಾತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮೂವರಲ್ಲಿ ಚಿಕ್ಕವಳು ಅಂಗಳದಿಂದ ಕೇಳಿದಳು. "ಅಂಕಲ್, ಏಲಂ ಈ ವರ್ಷವೂ ಉಂಟು. ನಿಮ್ಮಲ್ಲಿ ಚೀನಿಕಾಯಿ ಉಂಟಾ?"

"ಇಲ್ಲ" ಎಂದೆ. ಬಚ್ಚಲಿನ ಹಿಂದೆ ಮೂರು ಇವೆ.