ಯಜೀದಿಗಳು ಸಿಂಜಾರ್‌ಗೆ ಮರಳಬೇಕೇ?

2014ರ ಆಗಸ್ಟ್ 3ರ ಬೆಳಗಿನ ಜಾವ ಐಸಿಸ್ ಉಗ್ರರು ಉತ್ತರ ಇರಾಕ್‌ನ ಸಿಂಜಾರ್ ಮೇಲೆ ಬಿದ್ದರು. ಅಲ್ಲಿ ವಾಸವಿದ್ದವರಲ್ಲಿ ಹೆಚ್ಚಿನವರು ಯಜೀದಿಗಳು. ಕುರ್ಮಾಂಜಿ ಎಂಬ ಕುರ್ದಿಶ್ ನುಡಿ ಮಾತಾಡುವ, ತಾವೂಸಿ ಮೆಲೆಕ್ ಎಂಬ ನವಿಲು ದೇವತೆಯನ್ನು ನಂಬುವ, ಸೂರ್ಯನ ಕಡೆ ಮುಖ ಮಾಡಿ ಪ್ರಾರ್ಥಿಸುವ ಸಣ್ಣ ಸಮುದಾಯ ಅದು. ಉಗ್ರರು ಸಾವಿರಾರು ಜನರನ್ನು ಕೊಂದರು. 6,000ಕ್ಕೂ ಹೆಚ್ಚು ಹೆಂಗಸರು, ಮಕ್ಕಳನ್ನು ಹೊತ್ತೊಯ್ದು ಮಾರಿದರು. ಲಕ್ಷಾಂತರ ಜನ ಊರು ಬಿಟ್ಟರು. 2015ರ ನವೆಂಬರ್‌ನಲ್ಲಿ ಸಿಂಜಾರ್ ಪಟ್ಟಣ ಐಸಿಸ್ ಕೈಯಿಂದ ಬಿಡುಗಡೆಯಾಯಿತು. ಆದರೂ ಇರಾಕ್‌ನ ಕುರ್ದಿಶ್ ಪ್ರದೇಶದ ದುಹೋಕ್ ನಗರದ ಸುತ್ತಲಿನ ನಿರಾಶ್ರಿತರ ಡೇರೆಗಳಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಶಾಲೆಯ ವಯಸ್ಸು ಮುಟ್ಟಿದ್ದಾರೆ. ಇವರೆಲ್ಲ ಮನೆಗೆ ಮರಳಬೇಕೇ, ಇಲ್ಲ ಬೇರೆ ದೇಶದಲ್ಲಿ ನೆಲೆ ಹುಡುಕಬೇಕೇ? ದೂರದಲ್ಲಿ ಕೂತ ನಾವು ತೀರ್ಮಾನ ಕೊಡುವ ವಿಷಯ ಇದಲ್ಲ. ಆದರೆ ಯಜೀದಿಗಳೇ ತಮ್ಮೊಳಗೆ ವಾದಿಸುತ್ತಿರುವ ಪ್ರಶ್ನೆ ಇದು. ಎರಡೂ ಕಡೆಯ ಮಾತಿನಲ್ಲಿ ತೂಕವಿದೆ.

ಪರ: ಮರಳಲೇಬೇಕು

ಯಜೀದಿ ಧರ್ಮ ಮಣ್ಣಿಗೆ ಅಂಟಿಕೊಂಡ ಧರ್ಮ. ಮೊಸುಲ್‌ಗೆ ಉತ್ತರದ ಕಣಿವೆಯಲ್ಲಿ ಲಾಲಿಶ್ ಇದೆ. 12ನೇ ಶತಮಾನದ ಸಂತ ಶೇಖ್ ಅದಿಯ ಸಮಾಧಿ ಇರುವ ಜಾಗ ಅದು. ಅಲ್ಲಿ ಎಲ್ಲರೂ ಬರಿಗಾಲಲ್ಲೇ ನಡೆಯುತ್ತಾರೆ, ಹೊಸ್ತಿಲು ತುಳಿಯುವುದಿಲ್ಲ. ಮಕ್ಕಳಿಗೆ ಅಲ್ಲಿನ ಬಿಳಿ ಬುಗ್ಗೆಯ ನೀರಿನಲ್ಲೇ ದೀಕ್ಷೆ. ಹಾಡುಗಳು, ಕಥೆಗಳು ಬಾಯಿಂದ ಬಾಯಿಗೆ ಬಂದವು. ಅವನ್ನು ಹಾಡುವ ಕವ್ವಾಲರ ಮನೆತನಗಳು ಬಶಿಕಾ, ಬಹ್ಜಾನಿ ಎಂಬ ಜೋಡಿ ಊರುಗಳಲ್ಲಿವೆ. ಪ್ರತಿ ಯಜೀದಿಗೂ ಹುಟ್ಟಿನಿಂದಲೇ ಒಬ್ಬ ಶೇಖ್, ಒಬ್ಬ ಪೀರ್ ಎಂದು ಇಬ್ಬರು ಗುರುಗಳು ಇರುತ್ತಾರೆ. ಸಾವಿನ ಕರ್ಮಕ್ಕೂ ಅವರೇ ಬೇಕು. ಒಂದು ಮನೆಯವರು ಜರ್ಮನಿಯ ಹ್ಯಾನೋವರ್‌ನಲ್ಲಿ, ಅವರ ಪೀರ್ ದುಹೋಕ್‌ನಲ್ಲಿ, ಶೇಖ್ ಇನ್ನೊಂದು ಖಂಡದಲ್ಲಿ ಇದ್ದರೆ ಈ ಬಂಧ ಎಷ್ಟು ದಿನ ಉಳಿದೀತು?

ಟರ್ಕಿಯನ್ನೇ ನೋಡಿ. ಅದರ ಆಗ್ನೇಯ ಭಾಗದಲ್ಲಿ ಯಜೀದಿ ಹಳ್ಳಿಗಳು ಸಾಲಾಗಿದ್ದವು. 1970-80ರ ದಶಕಗಳಲ್ಲಿ ಜನ ಜರ್ಮನಿಗೆ ಹೊರಟರು. ಈಗ ಅಲ್ಲಿ ಉಳಿದವರು ತೀರಾ ಕಡಿಮೆ. ಸಿಂಜಾರ್ ಕೂಡ ಹಾಗೆ ಖಾಲಿಯಾದರೆ ಐಸಿಸ್ ಸೋತ ಮೇಲೂ ಅದರ ಆಸೆ ಈಡೇರಿದಂತೆ ಅಲ್ವಾ?

ಯಜೀದಿಗಳು 2014ರ ದಾಳಿಯನ್ನು 74ನೇ ಫರ್ಮಾನ್ ಎಂದು ಎಣಿಸುತ್ತಾರೆ. ತಮ್ಮ ಮೇಲೆ ನಡೆದ ಪ್ರತಿ ನರಮೇಧಕ್ಕೂ ಅವರಲ್ಲಿ ಅದೇ ಹೆಸರು. 'ಸೈತಾನನ ಪೂಜಕರು' ಎಂಬ ಸುಳ್ಳು ಅಪವಾದ ಹೊರಿಸಿ ಶತಮಾನಗಳಿಂದ ಅವರನ್ನು ಕೊಂದಿದ್ದಾರೆ. 1832ರಲ್ಲಿ ರವಾಂದುಜ್‌ನ ಕುರ್ದಿಶ್ ಅಮೀರ ಯಜೀದಿಗಳ ಶೇಖಾನ್ ಸೀಮೆಯನ್ನು ಸೂರೆ ಮಾಡಿದ. ಮೊಸುಲ್ ಕಡೆ ಓಡಿದವರು ನದಿ ದಾಟಲಾಗದೆ ದಡದಲ್ಲೇ ಸತ್ತರು. 1892ರಲ್ಲಿ ಒಟ್ಟೋಮನ್ ಸೇನಾಧಿಕಾರಿ ಒಮರ್ ವಹ್ಬಿ ಪಾಷಾ ಲಾಲಿಶ್ ಅನ್ನೇ ಕಿತ್ತುಕೊಂಡ. ಅಲ್ಲಿ ಮದರಸಾ ನಡೆಯಿತು. ಯಜೀದಿಗಳು ಬಿಡಲಿಲ್ಲ, ಗುಡಿಯನ್ನು ಮರಳಿ ಪಡೆದರು. 2014ರಲ್ಲೂ ಸಿಂಜಾರ್ ಬೆಟ್ಟದ ಉತ್ತರ ತಪ್ಪಲಿನ ಶರ್ಫದೀನ್ ಗುಡಿಯನ್ನು ಕೆಲವೇ ಜನ ಬಂದೂಕು ಹಿಡಿದು ಕಾದರು. ಅದು ಐಸಿಸ್‌ಗೆ ದಕ್ಕಲೇ ಇಲ್ಲ. ಆ ಬೆಟ್ಟ ಇಲ್ಲದಿದ್ದರೆ ಇವತ್ತು ಇಷ್ಟು ಜನ ಬದುಕಿರುತ್ತಿರಲಿಲ್ಲ.

ಜಮೀನಿನ ಮಾತೂ ಇದೆ. 1970ರ ದಶಕದಲ್ಲಿ ಇರಾಕ್‌ನ ಬಾಥ್ ಪಕ್ಷದ ಸರ್ಕಾರ ಯಜೀದಿ ಹಳ್ಳಿಗಳನ್ನು ಕೆಡವಿ ಜನರನ್ನು ಹೊಸ ಕಾಲೊನಿಗಳಿಗೆ ತುಂಬಿತು. ಹಕ್ಕುಪತ್ರ ಮಾತ್ರ ಕೊಡಲಿಲ್ಲ. ಕೊನೆಗೂ 2022ರ ಡಿಸೆಂಬರ್‌ನಲ್ಲಿ ಇರಾಕ್ ಸಂಪುಟ ಅದಕ್ಕೆ ಒಪ್ಪಿತು. ಈಗ ಒಡೆಯರೇ ಊರಲ್ಲಿ ಇಲ್ಲದಿದ್ದರೆ ಮನೆ ಯಾರ ಪಾಲಾಗುತ್ತದೆ? ಐಸಿಸ್ ಕೊಂದ ಕೊಚೊ ಹಳ್ಳಿಯ ನೂರಕ್ಕೂ ಹೆಚ್ಚು ಜನರ ಅವಶೇಷಗಳನ್ನು 2021ರ ಫೆಬ್ರವರಿಯಲ್ಲಿ ಅವರ ಊರಲ್ಲೇ ಮಣ್ಣು ಮಾಡಿದರು. ಅಗೆಯಬೇಕಾದ ಸಾಮೂಹಿಕ ಗೋರಿಗಳು ಇನ್ನೂ ಇವೆ. ಸತ್ತವರಿಗಾಗಿಯಾದರೂ ಅಲ್ಲಿ ತಮ್ಮವರು ಇರಬೇಕು.

ವಿರೋಧ: ಈಗ ಮರಳುವುದು ಬೇಡ

ಆಗಸ್ಟ್ 3ರಂದು ಸಿಂಜಾರ್ ಕಾಯಬೇಕಿದ್ದ ಕುರ್ದಿಶ್ ಪೇಶ್ಮರ್ಗಾ ಪಡೆ ಜನರಿಗೆ ಒಂದು ಮಾತೂ ಹೇಳದೆ ಹೊರಟುಹೋಯಿತು. 'ನಾವಿದ್ದೇವೆ' ಎಂಬ ಭರವಸೆ ನಂಬಿ ಕೂತವರೇ ಮೊದಲು ಸತ್ತರು. ಮರಳಿ ಎನ್ನುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಈಗ ಕಾಯುವವರು ಯಾರು?

ಒಬ್ಬರಲ್ಲ, ಹಲವರು. ಕಷ್ಟ ಇರುವುದೇ ಅಲ್ಲಿ. ಇರಾಕ್ ಸೇನೆ ಇದೆ. ಹಶ್ದ್ ಅಲ್-ಶಾಬಿ ಎಂಬ, ಹೆಚ್ಚಾಗಿ ಶಿಯಾಗಳ ಸಶಸ್ತ್ರ ಗುಂಪುಗಳಿವೆ. ಟರ್ಕಿ ವಿರುದ್ಧ ದಶಕಗಳ ಕಾಲ ಬಂದೂಕು ಹಿಡಿದ ಕುರ್ದಿಶ್ ಸಂಘಟನೆ ಪಿಕೆಕೆ ಜೊತೆ ನಂಟಿರುವ ಯಜೀದಿ ಪಡೆ ಇದೆ. ಬಾಗ್ದಾದ್‌ನ ಇರಾಕ್ ಸರ್ಕಾರ ಮತ್ತು ಎರ್ಬಿಲ್‌ನ ಕುರ್ದಿಶ್ ಪ್ರಾದೇಶಿಕ ಸರ್ಕಾರ ಎರಡೂ ಈ ನೆಲ ತಮ್ಮದು ಎನ್ನುತ್ತವೆ. ಪಿಕೆಕೆ ನೆಪದಲ್ಲಿ ಟರ್ಕಿಯ ಡ್ರೋನ್‌ಗಳು ಬಂದು ಬಾಂಬ್ ಹಾಕಿವೆ. 2020ರ ಅಕ್ಟೋಬರ್‌ನಲ್ಲಿ ಬಾಗ್ದಾದ್ ಮತ್ತು ಎರ್ಬಿಲ್ ಸಿಂಜಾರ್ ಒಪ್ಪಂದಕ್ಕೆ ಸಹಿ ಹಾಕಿದವು. ಸ್ಥಳೀಯರಿಂದಲೇ 2,500 ಜನರ ಭದ್ರತಾ ಪಡೆ ಕಟ್ಟುವುದಾಗಿ ಬರೆದುಕೊಂಡವು. ಯಜೀದಿಗಳನ್ನು ಸರಿಯಾಗಿ ಕೇಳಲೂ ಇಲ್ಲ, ಬರೆದದ್ದರಲ್ಲಿ ಹೆಚ್ಚಿನದು ಜಾರಿಯೂ ಆಗಲಿಲ್ಲ. 2022ರ ಮೇ ತಿಂಗಳಲ್ಲಿ ಸಿಂಜಾರ್ ಸೀಮೆಯ ಸಿನೂನಿಯಲ್ಲಿ ಸೇನೆಗೂ ಯಜೀದಿ ಪಡೆಗೂ ಕಾಳಗ ನಡೆಯಿತು. ನಂಬಿಕೆ ಇಟ್ಟು ಊರಿಗೆ ಮರಳಿದ್ದ ಸಾವಿರಾರು ಜನ ಮತ್ತೆ ಗಂಟುಮೂಟೆ ಕಟ್ಟಿ ದುಹೋಕ್‌ಗೆ ಓಡಿದರು. ಮರಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನ್ಯಾಯದ ಸ್ಥಿತಿಯೂ ಹಾಗೆಯೇ. ಹಲವು ಊರುಗಳಲ್ಲಿ ಐಸಿಸ್‌ಗೆ ಕೈಜೋಡಿಸಿದವರು ಅಕ್ಕಪಕ್ಕದ ಹಳ್ಳಿಯವರೇ. ಇರಾಕ್‌ನ ನ್ಯಾಯಾಲಯಗಳು ಐಸಿಸ್ ಸದಸ್ಯರನ್ನು ಭಯೋತ್ಪಾದನೆ ಕಾನೂನಿನಡಿ ಶಿಕ್ಷಿಸಿದವು, ನರಮೇಧಕ್ಕಾಗಿ ಅಲ್ಲ. ಯಜೀದಿಗಳ ನರಮೇಧಕ್ಕಾಗಿ ಮೊದಲ ಶಿಕ್ಷೆ ಆದದ್ದು 2021ರ ನವೆಂಬರ್‌ನಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಗುಲಾಮಳಾಗಿ ಕೊಂಡ ಐದು ವರ್ಷದ ಹುಡುಗಿಯನ್ನು ಬಿಸಿಲಲ್ಲಿ ಕಟ್ಟಿಹಾಕಿ ಸಾಯಿಸಿದವನ ಮೊಕದ್ದಮೆ ಅದು. ಮಗುವಿನ ತಾಯಿ ಸಾಕ್ಷಿ ಹೇಳಿದಳು. ಆಕೆಯ ಮಾತು ಕೇಳಿದ್ದು ತನ್ನ ದೇಶದ ಕಟಕಟೆಯಲ್ಲ.

ಇನ್ನು ತಾಯಂದಿರ ವಿಷಯ. ಮರಳುವ ವಾದ ನನಗೆ ತೀರಾ ಕಠಿಣ ಅನಿಸುವುದು ಇಲ್ಲೇ. ಧರ್ಮಗುರು ಬಾಬಾ ಶೇಖ್ ಖುರ್ತೊ ಹಾಜಿ ಇಸ್ಮಾಯಿಲ್ ದೊಡ್ಡ ಮನಸ್ಸು ಮಾಡಿದರು. ಸೆರೆಯಿಂದ ಬಂದ ಹೆಣ್ಣುಮಕ್ಕಳನ್ನು ಸಮುದಾಯ ಗೌರವದಿಂದ ಸೇರಿಸಿಕೊಳ್ಳಬೇಕು ಎಂದರು. ಲಾಲಿಶ್‌ನ ಬುಗ್ಗೆಯಲ್ಲಿ ಅವರಿಗೆ ಮತ್ತೆ ದೀಕ್ಷೆ ಆಯಿತು. ಇದು ಸಣ್ಣ ಮಾತಲ್ಲ. ಆದರೆ ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. 2019ರ ಏಪ್ರಿಲ್‌ನಲ್ಲಿ ಯಜೀದಿ ಧರ್ಮಮಂಡಳಿ ಬದುಕಿ ಬಂದ ಎಲ್ಲರನ್ನೂ ಸ್ವೀಕರಿಸುತ್ತೇವೆ ಎಂದಾಗ ಆಸೆ ಚಿಗುರಿತು. ಕೆಲವೇ ದಿನಗಳಲ್ಲಿ, ಅತ್ಯಾಚಾರದಿಂದ ಹುಟ್ಟಿದ ಮಕ್ಕಳು ಇದರಲ್ಲಿ ಸೇರಿಲ್ಲ ಎಂದು ಮಂಡಳಿ ತಿದ್ದಿ ಹೇಳಿತು. ತಂದೆ ತಾಯಿ ಇಬ್ಬರೂ ಯಜೀದಿಗಳಾಗಿರಬೇಕು ಎಂಬುದು ಹಳೆಯ ಕಟ್ಟಳೆ. ಇರಾಕ್ ಕಾನೂನು ಇದನ್ನು ಇನ್ನೂ ಬಿಗಿ ಮಾಡಿದೆ. 2015ರ ಗುರುತಿನ ಚೀಟಿ ಕಾನೂನಿನ 26ನೇ ವಿಧಿ ಇಂಥ ಮಕ್ಕಳನ್ನು ಮುಸ್ಲಿಮರೆಂದೇ ದಾಖಲಿಸುತ್ತದೆ. ಮಗು ಬೇಕೋ, ತವರು ಬೇಕೋ ಎಂದು ಹೆತ್ತವಳನ್ನು ಕೇಳಿದಂತಾಯಿತು. ಕೆಲವರು ಮಕ್ಕಳನ್ನು ಸಿರಿಯಾದಲ್ಲೇ ಬಿಟ್ಟು ಬಂದರು. ಇನ್ನು ಕೆಲವರು ಮಗುವಿಗಾಗಿ ಸಿರಿಯಾದಲ್ಲಿ ಐಸಿಸ್ ಕುಟುಂಬಗಳನ್ನು ಇಟ್ಟಿದ್ದ ಅಲ್-ಹೋಲ್ ಶಿಬಿರದಲ್ಲಿ ಗುರುತು ಮುಚ್ಚಿಟ್ಟು ಉಳಿದರು. ಇವರಿಗೆ ಮಗುವಿನ ಜೊತೆ ಬದುಕುವ ದಾರಿ ಹೊರದೇಶದಲ್ಲೇ ಇದೆ.

ಹೊರಗೆ ಹೋದರೆ ಧರ್ಮ ಕರಗುತ್ತದೆ ಎನ್ನುವ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆರ್ಮೇನಿಯಾವನ್ನೂ ನೋಡಬೇಕು. ಒಟ್ಟೋಮನ್ ನೆಲದಿಂದ ಓಡಿಬಂದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ಇವತ್ತಿಗೂ ಯಜೀದಿಗಳಾಗಿಯೇ ಇದ್ದಾರೆ. ಅಕ್ನಾಲಿಚ್ ಹಳ್ಳಿಯಲ್ಲಿ 2019ರಲ್ಲಿ ತೆರೆದ ಗುಡಿ ಯಜೀದಿಗಳ ಗುಡಿಗಳಲ್ಲೇ ದೊಡ್ಡದು. ಸಂಸತ್ತಿನಲ್ಲಿ ಅವರಿಗೆ ಒಂದು ಸ್ಥಾನವೂ ಮೀಸಲಿದೆ.

ಇಷ್ಟಾದರೂ ಜನರನ್ನು ತಳ್ಳುವುದು ನಿಂತಿಲ್ಲ. 2023ರ ಜನವರಿಯಲ್ಲಿ ಜರ್ಮನಿಯ ಸಂಸತ್ತು ಯಜೀದಿಗಳ ನರಮೇಧವನ್ನು ಒಪ್ಪಿ ನಿರ್ಣಯ ಮಾಡಿತು. ಅದೇ ವರ್ಷ ಜರ್ಮನಿಯಿಂದ ಯಜೀದಿಗಳನ್ನು ಇರಾಕ್‌ಗೆ ವಾಪಸ್ ಕಳಿಸಲು ಶುರು ಮಾಡಿದರು. ಇರಾಕ್ ಸರ್ಕಾರ ಡೇರೆಗಳನ್ನು ಮುಚ್ಚಲು 2024ರ ಜುಲೈ 30ರ ಗಡುವು ಹಾಕಿತು. ಹೊರಡುವ ಕುಟುಂಬಕ್ಕೆ 40 ಲಕ್ಷ ದಿನಾರ್ ಕೊಡುವುದಾಗಿ ಹೇಳಿತು. ಕುಸಿದುಬಿದ್ದ ಮನೆಯನ್ನು ಆ ದುಡ್ಡಿನಲ್ಲಿ ಎಬ್ಬಿಸಲು ಆಗುವುದಿಲ್ಲ. ಮೊದಲು ಸಿಂಜಾರ್‌ನವರದೇ ಪೊಲೀಸ್ ಪಡೆ ಬರಲಿ, ಹಕ್ಕುಪತ್ರ ಕೈಗೆ ಸಿಗಲಿ, 26ನೇ ವಿಧಿ ಬದಲಾಗಲಿ. ಅಲ್ಲಿವರೆಗೆ ಡೇರೆ ಮುಚ್ಚುವುದೂ ಬೇಡ, ವಿಮಾನ ಹತ್ತಿಸುವುದೂ ಬೇಡ.